ಹಳೆಯ ಟ್ರೈಲರ್‌ಗೆ ಸೋಲಾರ್: ಪ್ಯಾನೆಲ್ ಕೊಳ್ಳುವ ಮೊದಲು ಚಾವಣಿಯನ್ನು ಕೇಳಿ

ಏಣಿಯ ಮೇಲೆ ನಿಂತು, ಕೈಯಲ್ಲಿ ಡ್ರಿಲ್ ಹಿಡಿದು, "ಇಲ್ಲಿ ಹೊಡೆಯಲೇ?" ಎಂದು ಕೇಳಿದೆ. ಕೆಳಗೆ ಏಣಿ ಹಿಡಿದಿದ್ದ ಹೆಂಡತಿ, "ಸೋರುವುದನ್ನು ನಿಲ್ಲಿಸುವುದಕ್ಕೆ ಎರಡು ತಿಂಗಳು ಒದ್ದಾಡಿದಿರಿ. ಈಗ ನೀವಾಗಿಯೇ ತೂತು ಹೊಡೆಯುತ್ತೀರಾ?" ಎಂದಳು. ಡ್ರಿಲ್ಲನ್ನು ಕೆಳಗಿಳಿಸಿದೆ. ಅದು ಮತ್ತೆ ಮೇಲೆ ಹತ್ತಿದ್ದು ಮುಂದಿನ ವರ್ಷ, ಅದೂ ಬೇರೆ ಕೆಲಸಕ್ಕೆ.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಟ್ರೈಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಪುಟ್ಟ ಚಕ್ರದ ಮನೆ, 1960ರ ದಶಕದ ಆರಂಭದ್ದು, ಹದಿನೈದು ಅಡಿ ಉದ್ದದ್ದು. ಪಕ್ಕದಿಂದ ನೋಡಿದರೆ ಹಂದಿಮಾಂಸದ ತಗಡಿನ ಡಬ್ಬಿಯ ಹಾಗೆ ಕಾಣುತ್ತದೆ ಎಂದು ಇಲ್ಲಿಯವರು ಈ ಆಕಾರಕ್ಕೆ 'ಕ್ಯಾನ್ಡ್ ಹ್ಯಾಮ್' ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಹೂರಣ ಹೆಚ್ಚಾದ ಕರ್ಜಿಕಾಯಿ. ಇಂಥ ಗಾಡಿಯನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಮರುಭೂಮಿಗೋ ಕಾಡಿಗೋ ಹೋಗುವ ಕನ್ನಡದ ಕುಟುಂಬಗಳು ಈಗ ಅಲ್ಲಲ್ಲಿ ಸಿಗುತ್ತವೆ. ಫೋನಿನಲ್ಲಿ ಅವರು ಕೇಳುವ ಪ್ರಶ್ನೆ ಒಂದೇ: "ಮೇಲೆ ಸೋಲಾರ್ ಹೇಗೆ ಕೂರಿಸಿದಿರಿ?"

ಹೊಸ ಟ್ರೈಲರ್ ಆದರೆ ಉತ್ತರ ಸುಲಭ. ಪ್ಯಾನೆಲ್ ಆರಿಸಿ, ಅದಕ್ಕೆ ಹೊಂದುವ ಬ್ರ್ಯಾಕೆಟ್ ತಂದು ತಿರುಪು ಬಿಗಿದರೆ ಆಯಿತು. ಅರವತ್ತು ವರ್ಷದ ಗಾಡಿಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಆಯ್ಕೆ ಮಾಡುವುದು ನೀವಲ್ಲ, ಚಾವಣಿ. ಅದು ಏನನ್ನು ಹೊರಬಲ್ಲದು, ಎಲ್ಲಿ ಹೊರಬಲ್ಲದು ಎಂದು ತಿಳಿದ ಮೇಲೆಯೇ ಜೋಡಣೆಯ ಮಾತು, ಜೋಡಣೆ ಗೊತ್ತಾದ ಮೇಲೆಯೇ ಪ್ಯಾನೆಲ್. ಈ ಕ್ರಮವನ್ನು ತಪ್ಪಿಸಿ ನಾನು ದಂಡ ತೆತ್ತಿದ್ದೇನೆ. ಆ ಕಥೆ ಮುಂದೆ ಬರುತ್ತದೆ.

ಮೊದಲ ಹೆಜ್ಜೆ: ಗಾಡಿಯ ಮೈಕಟ್ಟು ತಿಳಿಯಿರಿ

ಇಲ್ಲಿ ಸಾಮಾನ್ಯವಾಗಿ ಸಿಗುವ ಹಳೆಯ ಟ್ರೈಲರ್‌ಗಳಲ್ಲಿ ಮೂರು ಬಗೆ.

ಒಂದು, ನಮ್ಮದರಂಥದ್ದು. ಒಳಗೆ ಮರದ ಚೌಕಟ್ಟು, ಹೊರಗೆ ತೆಳುವಾದ ಅಲ್ಯೂಮಿನಿಯಂ ತಗಡು. 1950–60ರ ದಶಕಗಳ ಶಾಸ್ತಾ ಮೊದಲಾದ ಗಾಡಿಗಳು ಹೀಗೆಯೇ. ಚಾವಣಿಯ ಅಡಿಯಲ್ಲಿರುವುದು ದಪ್ಪ ತೊಲೆಗಳಲ್ಲ, ನಮ್ಮ ಹೆಂಚಿನ ಮನೆಯ ರೀಪುಗಳಷ್ಟೇ ಸಣ್ಣ ಮರದ ಪಟ್ಟಿಗಳು. ತಗಡಿಗೂ ರೀಪಿಗೂ ನಡುವಿನ ಸಂಬಂಧ ಉಕ್ಕಿನ ಸ್ಟೇಪಲ್‌ಗಳದು. ಎರಡು ರೀಪುಗಳ ನಡುವೆ ಬೆರಳಿನಿಂದ ಒತ್ತಿದರೆ ತಗಡು ತಗ್ಗುತ್ತದೆ. ಅಲ್ಲಿ ಬಿಗಿದ ತಿರುಪಿಗೆ ಕಚ್ಚಿಕೊಳ್ಳಲು ಏನೂ ಇರುವುದಿಲ್ಲ.

ಎರಡು, ಏರ್‌ಸ್ಟ್ರೀಮ್ ಕಂಪನಿಯದು. ಕಂಪನಿಯ ಸ್ಥಾಪಕ ವಾಲಿ ಬೈಯಮ್ 1936ರಲ್ಲಿ ತಂದ 'ಕ್ಲಿಪ್ಪರ್' ಮಾದರಿಯಿಂದ ಹಿಡಿದು ಇಂದಿನವರೆಗೂ ಅದರ ಗುಟ್ಟು ಒಂದೇ. ವಿಮಾನದ ಒಡಲಿನಂತೆ ಅಲ್ಯೂಮಿನಿಯಂ ಪಕ್ಕೆಲುಬುಗಳ ಮೇಲೆ ತಗಡನ್ನು ರಿವೆಟ್ ಮಾಡಿರುತ್ತಾರೆ, ಭಾರವನ್ನು ತಗಡೂ ಹೊರುತ್ತದೆ. ಪಕ್ಕೆಲುಬು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ಚಾವಣಿಗೆ ಅಡ್ಡಲಾಗಿ ಹೋಗುವ ರಿವೆಟ್ ಸಾಲೇ ಅದರ ಗುರುತು.

ಮೂರು, ಫೈಬರ್‌ಗ್ಲಾಸ್ ಮೊಟ್ಟೆ. ಕೆನಡಾದ ವಿನಿಪೆಗ್‌ನಲ್ಲಿ 1968ರಲ್ಲಿ ಶುರುವಾದ ಬೋಲರ್ ಇದರ ಹಿರಿಯಣ್ಣ. ಮೇಲರ್ಧ, ಕೆಳಗರ್ಧ ಎಂದು ಎರಡು ಚಿಪ್ಪುಗಳನ್ನು ನಡುವಿನಲ್ಲಿ ಸೇರಿಸಿರುತ್ತಾರೆ. ತಲೆಯ ಮೇಲೆ ಬೆಸುಗೆಯಿಲ್ಲದ ಕಾರಣ ಸೋರುವುದು ಕಡಿಮೆ. ಸೋರಿದರೆ ಅದು ಸಾಮಾನ್ಯವಾಗಿ ಕಿಟಕಿಯಿಂದ, ಗಾಳಿಕಿಂಡಿಯಿಂದ, ಇಲ್ಲವೇ ರಿವೆಟ್‌ನಿಂದ.

ಎರಡನೆಯ ಹೆಜ್ಜೆ: ದಬ್ಬಳ ಹಿಡಿದು ಒಳಗೆ ಹೋಗಿ

ಮರದ ಗಾಡಿಯವರು ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. ಒಳಗಿನ ಬರ್ಚ್ ಪ್ಲೈವುಡ್ ತೆಳುವಾದದ್ದು, ನೀರು ಕುಡಿದರೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಬಿಡುತ್ತದೆ. ಮೂಲೆಗಳು, ಗಾಳಿಕಿಂಡಿಯ ಸುತ್ತ, ಮುಂದಿನ ಕಿಟಕಿಯ ಮೇಲ್ಭಾಗ, ಈ ಮೂರು ಕಡೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಕಲೆ ಕಂಡಲ್ಲಿ ದಬ್ಬಳದ ತುದಿಯನ್ನು ಮೆಲ್ಲಗೆ ಒತ್ತಿ. ಒಳ್ಳೆಯ ಮರ ತಡೆಯುತ್ತದೆ. ಕೊಳೆತದ್ದು ನೆನೆಸಿದ ರಸ್ಕಿನ ಹಾಗೆ ದಾರಿ ಬಿಡುತ್ತದೆ. ಇಪ್ಪತ್ತು ಮೂವತ್ತು ಡಾಲರಿಗೆ ಸಿಗುವ ತೇವಮಾಪಕ ಇದ್ದರೆ ಇನ್ನೂ ಒಳ್ಳೆಯದು. ಶೇಕಡಾ 20 ಮೀರಿದ ಮರವನ್ನು ನಾನು ನಂಬುವುದಿಲ್ಲ.

ರೀಪುಗಳ ಜಾಗ ಗುರುತಿಸುವುದಕ್ಕೆ ಒಂದು ಉಪಾಯ: ಪ್ಲೈವುಡ್ಡಾಗಲಿ ಅಲ್ಯೂಮಿನಿಯಂ ಆಗಲಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಉಕ್ಕಿನ ಸ್ಟೇಪಲ್ ಅಂಟುತ್ತದೆ. ಸಣ್ಣ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಒಳಮಾಡಿನ ಮೇಲೆ ಎಳೆಯುತ್ತಾ ಹೋಗಿ. ತಡವರಿಸಿದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಅರ್ಧ ಗಂಟೆಯಲ್ಲಿ ಚಾವಣಿಯ ಅಸ್ಥಿಪಂಜರ ಕಾಗದದ ಮೇಲೆ ಬರುತ್ತದೆ.

ಹೊರಗೆ ಹತ್ತಿ ನೋಡುವಾಗ ಚಾವಣಿಯ ಮೇಲೆ ಕಾಲಿಡಬೇಡಿ. ಪಕ್ಕದಲ್ಲಿ ಏಣಿ ಇಟ್ಟು ನೋಡಿ. ಏರಲೇಬೇಕಾದರೆ ರೀಪುಗಳ ಮೇಲೆ ಅಡ್ಡಲಾಗಿ ದಪ್ಪ ಪ್ಲೈವುಡ್ ಹಲಗೆ ಹಾಸಿ, ಅದರ ಮೇಲೆ ಮೊಣಕಾಲೂರಿ. ಹಿಂದಿನ ಮಾಲೀಕರು ಸೋರುವುದನ್ನು ತಡೆಯಲು ಬಳಿದ ಸಿಲಿಕೋನ್ ಮೆತ್ತೆ ಅಲ್ಲಿ ಕಂಡರೆ ನಿಟ್ಟುಸಿರು ಬಿಟ್ಟು ಕೆರೆದು ತೆಗೆಯಿರಿ. ಸಿಲಿಕೋನಿನ ಜಿಡ್ಡಿನ ಮೇಲೆ ಯಾವುದೂ ಹಿಡಿಯುವುದಿಲ್ಲ, ಹೊಸ ಸಿಲಿಕೋನ್ ಕೂಡ. ವಿನೆಗರ್ ವಾಸನೆ ಬರುವ ಬಗೆಯಂತೂ ಒಣಗುವಾಗ ಆಮ್ಲ ಬಿಟ್ಟು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಚಾವಣಿ ಈ ಪರೀಕ್ಷೆಯಲ್ಲಿ ಸೋತರೆ? ಸೋಲಾರ್ ಹಣವನ್ನು ಮರಗೆಲಸಕ್ಕೆ ಹಾಕಿ. ಕೊಳೆತ ರೀಪಿಗೆ ತಿರುಪು ಬಿಗಿಯುವುದು ಮೊಸರಿಗೆ ಮೊಳೆ ಹೊಡೆದ ಹಾಗೆ.

ಎಷ್ಟು ಬೇಕು ಎಂಬ ಲೆಕ್ಕ

ಇದು ಸಣ್ಣ ಲೆಕ್ಕ, ಬೇಗ ಮುಗಿಸೋಣ. ಗಾಳಿಕಿಂಡಿಯ ಫ್ಯಾನ್ ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು 200 ವ್ಯಾಟ್-ಗಂಟೆ. ಎಲ್‌ಇಡಿ ದೀಪಗಳು 50. ನೀರಿನ ಪಂಪ್ 15. ಫೋನು, ಲ್ಯಾಪ್‌ಟಾಪ್ ಸೇರಿ 100. ಒಟ್ಟು 365. ಮಲಗಿಸಿದ 100 ವ್ಯಾಟ್ ಪ್ಯಾನೆಲ್ ಬೇಸಿಗೆಯ ಒಳ್ಳೆಯ ದಿನದಲ್ಲಿ ಎಲ್ಲ ನಷ್ಟ ಕಳೆದು ಕೊಡುವುದು ಸುಮಾರು 350. ಅಂದರೆ ಮೋಡದ ದಿನಕ್ಕೂ ಸೇರಿಸಿ ಎರಡು ಪ್ಯಾನೆಲ್, 200 ವ್ಯಾಟ್ ಸಾಕು. ಬ್ಯಾಟರಿಯಲ್ಲಿ ಓಡುವ ಕಂಪ್ರೆಸರ್ ಫ್ರಿಜ್ ಇದ್ದರೆ ಇನ್ನೂ 400 ಸೇರುತ್ತದೆ, ಆಗ ನಾಲ್ಕು ಬೇಕು. ಗ್ಯಾಸ್ ಉರಿಸಿ ತಂಪಾಗುವ ಹಳೆಯ ಫ್ರಿಜ್ ಆದರೆ ಚಿಂತೆಯಿಲ್ಲ. ಏಸಿ ಓಡಿಸುವ ಆಸೆಯನ್ನು ಇಲ್ಲಿಯೇ ಬಿಟ್ಟುಬಿಡಿ.

ಮೂರನೆಯ ಹೆಜ್ಜೆ: ರಟ್ಟಿನ ಪ್ಯಾನೆಲ್

100 ವ್ಯಾಟ್‌ನ ಗಾಜಿನ ಪ್ಯಾನೆಲ್ ಸಾಮಾನ್ಯವಾಗಿ 42 ಇಂಚು ಉದ್ದ, 20 ಇಂಚು ಅಗಲ ಇರುತ್ತದೆ. ಆ ಅಳತೆಗೆ ರಟ್ಟು ಕತ್ತರಿಸಿ ಚಾವಣಿಯ ಮೇಲಿಟ್ಟು, ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಫೋಟೊ ತೆಗೆಯಿರಿ. ಗಾಳಿಕಿಂಡಿಯ ಮುಚ್ಚಳ, ಆಂಟೆನಾ, ಫ್ರಿಜ್ಜಿನ ಹೊಗೆಗೂಡು, ಇವುಗಳ ನೆರಳು ಎಲ್ಲಿ ಬೀಳುತ್ತದೆ ಎಂದು ಕಾಣಿಸುತ್ತದೆ. ಪ್ಯಾನೆಲ್ಲಿನೊಳಗೆ ಕೋಶಗಳು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುತ್ತವೆ. ಅಂಗೈಯಷ್ಟು ನೆರಳು ಬಿದ್ದರೂ ಅರ್ಧದಷ್ಟು ವಿದ್ಯುತ್ ಹೋಗಬಹುದು. ಅದಕ್ಕೇ ಹೇಳುವುದು, ನೆರಳಿನ ಜಾಗದಲ್ಲಿ ದೊಡ್ಡ ಪ್ಯಾನೆಲ್ ಇಡುವುದಕ್ಕಿಂತ ಬಿಸಿಲಿನ ಜಾಗದಲ್ಲಿ ಸಣ್ಣದು ಮೇಲು.

ಗುಂಡುತಲೆಯ ಏರ್‌ಸ್ಟ್ರೀಮ್‌ನವರಿಗೆ ರಟ್ಟು ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಚಪ್ಪಟೆ ಪ್ಯಾನೆಲ್ಲನ್ನು ಬಾಗಿದ ಚಾವಣಿಯ ಮೇಲಿಟ್ಟರೆ ನಡುವೆ ತಾಗಿ ಎರಡೂ ಅಂಚು ಗಾಳಿಯಲ್ಲಿ ನಿಲ್ಲುತ್ತವೆ. ಪ್ಯಾನೆಲ್ಲನ್ನು ಗಾಡಿಯ ಉದ್ದಕ್ಕೆ ತಿರುಗಿಸಿ ನಡುರೇಖೆಯ ಮೇಲಿಟ್ಟರೆ ಈ ತೊಂದರೆ ಕಡಿಮೆಯಾಗುತ್ತದೆ. ಉಳಿದ ಸಂದನ್ನು ಕಾಲುಗಳ ಎತ್ತರದಲ್ಲಿ ಸರಿಹೊಂದಿಸಬೇಕು.

ಈಗ ಆಯ್ಕೆಗಳು. ಮೊದಲನೆಯದು: ಚಾವಣಿಗೆ ಕೈ ಹಚ್ಚಬೇಡಿ

ಸೂಟ್‌ಕೇಸಿನ ಹಾಗೆ ಮಡಚುವ ಪ್ಯಾನೆಲ್‌ಗಳನ್ನು ನೆಲದ ಮೇಲೆ ನಿಲ್ಲಿಸುವುದು. ಹಳೆಯ ಗಾಡಿಯ ಪ್ರತಿಯೊಬ್ಬರಿಗೂ ನಾನು ಹೇಳುವ ಮಾತು, ಮೊದಲ ಒಂದು ವರ್ಷ ಹೀಗೆಯೇ ಕಳೆಯಿರಿ. ಬೇಸಿಗೆಯಲ್ಲಿ ಗಾಡಿ ಮರದ ನೆರಳಲ್ಲಿರಬೇಕು, ಪ್ಯಾನೆಲ್ ಬಿಸಿಲಿನಲ್ಲಿರಬೇಕು. ಚಾವಣಿಗೆ ಅಂಟಿಸಿದ ಪ್ಯಾನೆಲ್‌ನಿಂದ ಇದು ಎಂದಿಗೂ ಸಾಧ್ಯವಿಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯ ಮುಗಿಲೆತ್ತರದ ರೆಡ್‌ವುಡ್ ಮರಗಳ ಕಾಡಿನಲ್ಲಿ ಚಾವಣಿಯ ಸೋಲಾರ್ ಬರೀ ಅಲಂಕಾರ.

ಕಷ್ಟಗಳೂ ಇವೆ. ದಿನಕ್ಕೆ ಎರಡು ಮೂರು ಸಲ ತಿರುಗಿಸಬೇಕು. ಗಾಳಿಗೆ ಬೀಳದಂತೆ ಕಾಲಿಗೆ ನೀರಿನ ಕ್ಯಾನ್ ಕಟ್ಟಬೇಕು. ಸುತ್ತಾಡಲು ಹೋದರೆ ಕಳ್ಳತನದ ಭಯ. ಇಡೀ ದಿನ ಓಡಾಟದಲ್ಲೇ ಇರುವವರಿಗೆ, ಸಂಜೆ ಬಂದು ರಾತ್ರಿ ಮಲಗಿ ಬೆಳಿಗ್ಗೆ ಹೊರಡುವವರಿಗೆ ಇದು ಒಗ್ಗುವುದಿಲ್ಲ. ಅವರಿಗೆ ಇನ್ನೊಂದು ಮಾತು: ಪ್ಯಾನೆಲ್ಲನ್ನು ಟ್ರೈಲರ್‌ನ ಮೇಲೆಯೇ ಹಾಕಬೇಕೆಂದು ಎಲ್ಲಿಯೂ ಬರೆದಿಲ್ಲ. ಎಳೆಯುವ ಪಿಕಪ್ ಅಥವಾ ಕಾರಿನ ಲಗೇಜ್ ಕ್ಯಾರಿಯರ್ ಗಟ್ಟಿಯಾಗಿದ್ದರೆ ಅದಕ್ಕೆ ಬಿಗಿದು, ನಿಂತಲ್ಲಿ ಉದ್ದದ ಕೇಬಲ್ಲಿನಿಂದ ಸೇರಿಸಬಹುದು.

ಅಂಟಿಸುವ ಬಾಗುಪ್ಯಾನೆಲ್: ನನ್ನ ದಂಡದ ಕಥೆ

ಎರಡು ಕಿಲೋ ತೂಕ, ಮೂರು ಮಿಲಿಮೀಟರ್ ದಪ್ಪ, ಚಾವಣಿಯ ಬಾಗಿಗೆ ಬಾಗುತ್ತದೆ, ತೂತೂ ಬೇಡ. ಹಳೆಯ ಗಾಡಿಗೆಂದೇ ಹುಟ್ಟಿದ್ದು ಎನಿಸಿತು. ಆನ್‌ಲೈನ್‌ನಲ್ಲಿ ಎರಡು ತರಿಸಿ, ಬೆನ್ನಿಗೆಲ್ಲ ಅಂಟು ಬಳಿದು ಒತ್ತಿದೆ. ಮೊದಲ ಬೇಸಿಗೆ ಹಬ್ಬ. ಮೂರನೆಯ ಬೇಸಿಗೆಯಲ್ಲಿ ಒಂದು ಪ್ಯಾನೆಲ್ಲಿನ ಮೇಲೆ ಕಾವಲಿಯ ಮೇಲೆ ಸೀದ ದೋಸೆಯಂಥ ಕಂದು ಚುಕ್ಕೆಗಳು. ಬರುವ ವಿದ್ಯುತ್ ಅರ್ಧಕ್ಕಿಳಿಯಿತು.

ಕಾರಣ ಸರಳ. ಸೌರಕೋಶಕ್ಕೆ ಬಿಸಿಲು ಬೇಕು, ಬಿಸಿ ಬೇಡ. ಡಬ್ಬಿಯ ಮೇಲೆ ಬರೆದ ವ್ಯಾಟ್ ಲೆಕ್ಕ ಕೋಶ 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗಿನದು. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ತಗಡಿಗೆ ಅಂಟಿಕೊಂಡು, ಕೆಳಗೆ ಗಾಳಿಯಿಲ್ಲದೆ 70 ಡಿಗ್ರಿಗೆ ಏರಿದರೆ ಆರರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಬಿಸಿ ಹೆಚ್ಚಿದಷ್ಟು ಪ್ಲಾಸ್ಟಿಕ್ ಹೊದಿಕೆ ಬೇಗ ಮುದಿಯಾಗುತ್ತದೆ. ಗಾಡಿಯ ಕುಲುಕಾಟಕ್ಕೆ ಕೋಶದಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಬಿರುಕು ಬಿದ್ದಲ್ಲಿ ಇನ್ನಷ್ಟು ಬಿಸಿ.

ಅದನ್ನು ಕೀಳುವುದಕ್ಕೆ ಹೇರ್ ಡ್ರೈಯರ್, ಮೀನು ಹಿಡಿಯುವ ದಾರ, ಎರಡು ಇಡೀ ದಿನ ಬೇಕಾದವು. ದಾರವನ್ನು ಗರಗಸದ ಹಾಗೆ ಆಚೀಚೆ ಎಳೆದಂತೆ ಅಂಟಿನ ಜೊತೆ ಅರವತ್ತು ವರ್ಷದ ಬಣ್ಣವೂ ಹಪ್ಪಳದಂತೆ ಎದ್ದು ಬಂತು. ತೂತಿಲ್ಲ ಎಂಬ ಮಾತು ನಿಜ, ಹಿಂದಕ್ಕೆ ಮರಳಬಹುದು ಎಂಬುದು ಸುಳ್ಳು. ಬಾಗುಪ್ಯಾನೆಲ್ಲನ್ನು ಬಿಟ್ಟು ಬೇರೆ ದಾರಿಯೇ ಇಲ್ಲದವರು ನಡುವೆ ಗಾಳಿಯಾಡುವಂತೆ ಜೇನುಗೂಡಿನ ರಚನೆಯ ತೆಳು ಪ್ಲಾಸ್ಟಿಕ್ ಹಲಗೆಯನ್ನು ಇಟ್ಟು, ಅಂಚುಗಳಲ್ಲಿ ಮಾತ್ರ ಹಿಡಿಸಿ. ಅದು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸುವ ವಸ್ತು ಎಂದೇ ಲೆಕ್ಕ ಹಾಕಿಕೊಳ್ಳಿ.

ಗಾಜಿನ ಪ್ಯಾನೆಲ್, ಬ್ರ್ಯಾಕೆಟ್ ಮತ್ತು ಗಾಳಿ

ಗಾಜಿನ ಪ್ಯಾನೆಲ್ ತೂಕ ಏಳು ಕಿಲೋ ಆಸುಪಾಸು. ಎಲ್ಲರೂ ಈ ತೂಕದ ಬಗ್ಗೆ ಕೇಳುತ್ತಾರೆ. ನಿಜವಾದ ಪ್ರಶ್ನೆ ಕೆಳಕ್ಕೆ ಒತ್ತುವ ತೂಕದ್ದಲ್ಲ, ಮೇಲಕ್ಕೆ ಎತ್ತುವ ಗಾಳಿಯದು. ಗಂಟೆಗೆ 65 ಮೈಲಿ ವೇಗದಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 500 ನ್ಯೂಟನ್. ಪ್ಯಾನೆಲ್ಲಿನ ವಿಸ್ತೀರ್ಣ ಅರ್ಧ ಚದರ ಮೀಟರಿಗೆ ತುಸು ಹೆಚ್ಚು. ಆ ಒತ್ತಡವಿಡೀ ಮೇಲಕ್ಕೆತ್ತಿತು ಎಂದುಕೊಂಡರೆ 28 ಕಿಲೋ ಬಲ. ಎದುರಿನಿಂದ 30 ಮೈಲಿಯ ಗಾಳಿ ಬೀಸುತ್ತಿದ್ದರೆ ವೇಗ 95 ಆಗುತ್ತದೆ, ಬಲ ಒಮ್ಮೆಲೇ 60 ಕಿಲೋ. ವೇಗ ಒಂದೂವರೆ ಪಟ್ಟಾದರೆ ಬಲ ಎರಡು ಪಟ್ಟು ಮೀರುತ್ತದೆ. ನಾಲ್ಕು ಗಟ್ಟಿ ಕಾಲುಗಳಿಗೆ ಹಂಚಿದರೆ ಈ ಸಂಖ್ಯೆ ಹೆದರುವಂಥದ್ದಲ್ಲ. ಆದರೆ ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಜಗ್ಗಿ ಬಿಡುವುದು, ಗುಂಡಿಗೆ ಬಿದ್ದಾಗಲೆಲ್ಲ ಕುಲುಕುವುದು ಇದೆಯಲ್ಲ, ಸಡಿಲ ಮಾಡುವುದು ಅದು.

ಆದ್ದರಿಂದ ಅಂಗಡಿಯಲ್ಲಿ ಸಿಗುವ 'ಝಡ್' ಆಕಾರದ ಬ್ರ್ಯಾಕೆಟ್ ಬಳಸುವುದಾದರೆ ಕಾಲುಗಳು ರೀಪಿನ ಮೇಲೆ ಅಥವಾ ಪಕ್ಕೆಲುಬಿನ ಮೇಲೆಯೇ ಕೂರಬೇಕು. ಪ್ಯಾನೆಲ್ಲಿನ ಚೌಕಟ್ಟಿನ ತೂತು ಅಲ್ಲಿಗೆ ಸರಿಯಾಗಿ ಬರುವುದಿಲ್ಲ, ಬಂದರೆ ಪುಣ್ಯ. ಉದ್ದಕ್ಕೆ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ರೀಪುಗಳಿಗೆ ಬಿಗಿದು, ಪಟ್ಟಿಗಳಿಗೆ ಪ್ಯಾನೆಲ್ ಬಿಗಿಯುವುದು ಜಾಣತನ. ಪ್ಯಾನೆಲ್ಲಿನ ಅಡಿಯಲ್ಲಿ ಒಂದರಿಂದ ಎರಡು ಇಂಚು ಗಾಳಿ ಇರಲಿ. ಅದಕ್ಕಿಂತ ಹೆಚ್ಚು ಎತ್ತಿದರೆ ಗಾಳಿಗೆ ಹಾಯಿಯಾಗುತ್ತದೆ.

ತೂತು ಹೊಡೆಯಲೇಬೇಕಾದರೆ ಪ್ರತಿಯೊಂದು ತೂತನ್ನೂ ಹೀಗೆ ಮಾಡಿ. ಮೊದಲು ವಿದ್ಯುತ್ ಪೂರ್ತಿ ಬಂದ್ ಮಾಡಿ. ಹಳೆಯ ಗಾಡಿಯಲ್ಲಿ ದೀಪದ ತಂತಿಗಳು ಚಾವಣಿಯೊಳಗೇ ಓಡುತ್ತವೆ. ಡ್ರಿಲ್ಲಿನ ಕಡ್ಡಿಗೆ ಬೇಕಾದ ಆಳದಲ್ಲಿ ಟೇಪ್ ಸುತ್ತಿ, ಟೇಪ್ ತಗಡಿಗೆ ತಾಗಿದ ಕೂಡಲೇ ನಿಲ್ಲಿಸಿ. ಇಲ್ಲದಿದ್ದರೆ ಒಳಮಾಡಿನಿಂದ ಕಡ್ಡಿ ಇಣುಕುತ್ತದೆ. ಹೊರಬಂದ ಮರದ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ. ಒಣಗಿ ಹಳದಿಯಾಗಿದ್ದರೆ ಮುಂದುವರಿಯಿರಿ, ಕಪ್ಪಾಗಿ ಅಂಟಿಕೊಂಡರೆ ಆ ಜಾಗ ಬಿಡಿ. ತೂತಿನ ಅಂಚಿನ ತಗಡಿನ ಮುಳ್ಳನ್ನು ಸವರಿ ತೆಗೆದು, ಸ್ಪಿರಿಟ್‌ನಿಂದ ಒರೆಸಿ, ತೂತಿನೊಳಗೆ ನೀರು ತಡೆಯುವ ಪಾಲಿಯುರೆಥೇನ್ ಸೀಲೆಂಟ್ ತುಂಬಿ. ಕಾಲಿನ ಅಡಿಗೆ ಕಣಕದಂತೆ ಮೆತ್ತಗಿರುವ ಬ್ಯೂಟೈಲ್ ಟೇಪ್ ಇಟ್ಟು, ಸ್ಟೇನ್‌ಲೆಸ್ ತಿರುಪನ್ನು ಕೈಯಿಂದಲೇ ತಿರುಗಿಸಿ. ಬ್ಯೂಟೈಲ್ ನಾಲ್ಕೂ ಕಡೆಯಿಂದ ಹೋಳಿಗೆಯ ಹೂರಣದ ಹಾಗೆ ಹೊರಗೆ ಬರಬೇಕು. ಒಂದು ಕಡೆ ಬರದಿದ್ದರೆ ಅಲ್ಲಿ ನೀರಿಗೆ ದಾರಿ ಉಳಿದಿದೆ. ಎರಡು ದಿನ ಬಿಟ್ಟು ಇನ್ನೊಮ್ಮೆ ಅರ್ಧ ಸುತ್ತು ಬಿಗಿದು, ಹೆಚ್ಚಿನದನ್ನು ಪ್ಲಾಸ್ಟಿಕ್ ಅಲಗಿನಿಂದ ಕತ್ತರಿಸಿ, ತಿರುಪಿನ ತಲೆಯ ಮೇಲೆ ಸೀಲೆಂಟಿನ ಟೊಪ್ಪಿ ಹಾಕಿ. ಸಾಮಾನ್ಯ ಕಬ್ಬಿಣದ ತಿರುಪು ಬೇಡ. ಅಲ್ಯೂಮಿನಿಯಂ ಜೊತೆ ಸೇರಿ ನೀರು ಕಂಡರೆ ಎರಡೂ ಹಾಳಾಗುತ್ತವೆ.

ಏರ್‌ಸ್ಟ್ರೀಮ್‌ಗೆ ಮರದ ತಿರುಪು ಉಪಯೋಗವಿಲ್ಲ. ಅಲ್ಲಿ ಪಕ್ಕೆಲುಬಿಗೆ ಮುಚ್ಚಿದ ತುದಿಯ ರಿವೆಟ್ ಹಾಕಬೇಕು.

ಟೇಪಿನಿಂದ ನಿಲ್ಲಿಸುವುದು

ವಿಎಚ್‌ಬಿ ಎಂಬ ಎರಡು ಮುಖದ ಟೇಪಿನ ಮೇಲೆ ಹಲವರಿಗೆ ಅಪನಂಬಿಕೆ. ಸರಿಯಾದ ಮೈಮೇಲೆ ಅದು ಅದ್ಭುತವಾಗಿ ಹಿಡಿಯುತ್ತದೆ, ತಪ್ಪು ಮೈಮೇಲೆ ಯಾವುದೂ ಹಿಡಿಯುವುದಿಲ್ಲ. ಏರ್‌ಸ್ಟ್ರೀಮ್‌ನವರು ಎಡವುವುದು ಇಲ್ಲಿಯೇ. 1960ರ ದಶಕದ ನಡುವಿನಿಂದ ಈಚಿನ ಗಾಡಿಗಳ ಅಲ್ಯೂಮಿನಿಯಂ ಮೇಲೆ ಪಾರದರ್ಶಕ ಲೇಪನವಿರುತ್ತದೆ, ವಯಸ್ಸಾದಂತೆ ಅದು ಹಾವಿನ ಪೊರೆಯಂತೆ ಏಳುತ್ತದೆ. ಟೇಪ್ ಲೇಪನವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಲೇಪನವೇ ತಗಡನ್ನು ಬಿಟ್ಟಿರುತ್ತದೆ. ಕಾಲು ಕೂರುವ ಜಾಗದಲ್ಲಾದರೂ ಲೇಪನ ಕರಗಿಸಿ ತೆಗೆದು, ಬರಿಯ ಲೋಹವನ್ನು ಒರಟುಬಟ್ಟೆಯಿಂದ ತಿಕ್ಕಿ, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಸಮಪಾಲು ಬೆರೆಸಿ ಒರೆಸಿ. ಫೈಬರ್‌ಗ್ಲಾಸ್ ಆದರೆ ಬೆರಳಿಗೆ ಸುಣ್ಣದ ಹಾಗೆ ಹತ್ತುವ ಹಳೆಯ ಪದರವನ್ನು ಉಜ್ಜಿ ತೆಗೆಯಿರಿ.

ಟೇಪಿಗೆ ಒತ್ತಡ ಮತ್ತು ಸಮಯ ಬೇಕು. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹವೆಯಲ್ಲಿ ಮೊದಲ 20 ನಿಮಿಷಕ್ಕೆ ಅರ್ಧ ಬಲ, ಒಂದು ದಿನಕ್ಕೆ ಶೇಕಡಾ 90, ಪೂರ್ಣ ಬಲಕ್ಕೆ 72 ಗಂಟೆ. ಶುಕ್ರವಾರ ಅಂಟಿಸಿ ಶನಿವಾರ ಹೆದ್ದಾರಿಗೆ ಇಳಿಯಬೇಡಿ. ನಾನಾಗಿದ್ದರೆ ಗಾಳಿ ಮೊದಲು ತಾಗುವ ಮುಂದಿನ ಕಾಲುಗಳಿಗೆ ಟೇಪಿನ ಜೊತೆ ಎರಡು ರಿವೆಟ್ಟನ್ನೂ ಹಾಕುತ್ತಿದ್ದೆ.

ಬಣ್ಣ ಬಳಿದ ಮರದ ಗಾಡಿಗೆ ಮಾತ್ರ ಟೇಪ್ ಬೇಡವೇ ಬೇಡ. ಟೇಪ್ ಬಣ್ಣಕ್ಕೆ ಅಂಟಿರುತ್ತದೆ, ಬಣ್ಣ ತಗಡಿಗೆ, ತಗಡು ತುಕ್ಕು ಹಿಡಿದ ಸ್ಟೇಪಲ್‌ಗೆ. ಗಾಳಿ ಅದರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು.

ನಾನು ಕೊನೆಗೆ ಆರಿಸಿದ್ದು: ಬಸ್ಸಿನ ಕ್ಯಾರಿಯರ್

ಊರಿನ ಹಳೆಯ ಬಸ್ಸುಗಳ ನೆತ್ತಿಯ ಮೇಲೆ ಬಾಳೆಗೊನೆ, ಟ್ರಂಕು ಹೇರುವ ಕ್ಯಾರಿಯರ್ ಇರುತ್ತಿತ್ತು. ಟ್ರೈಲರ್ ಮುಂದೆ ನಿಂತು ತಲೆ ಕೆರೆದುಕೊಳ್ಳುವಾಗ ಅದು ನೆನಪಾಯಿತು. ಭಾರವನ್ನು ಚಾವಣಿಯ ನಡುವೆ ಹೇರದೆ ಎರಡೂ ಪಕ್ಕದ ಗೋಡೆಗೆ ಇಳಿಸಿದರೆ ಹೇಗೆ?

ಕ್ಯಾನ್ಡ್ ಹ್ಯಾಮ್ ಗಾಡಿಗಳಲ್ಲಿ ಚಾವಣಿಯ ತಗಡೂ ಗೋಡೆಯ ತಗಡೂ ಸೇರುವ ಅಂಚಿನ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಕೆಲವು ಇಂಚಿಗೊಂದು ತಿರುಪು, ಪ್ರತಿಯೊಂದೂ ಗೋಡೆಯ ಮರಕ್ಕೆ ಇಳಿದಿರುತ್ತದೆ. ಅಂದರೆ ತೂತುಗಳು ಆಗಲೇ ಇವೆ. ಪಟ್ಟಿಯನ್ನು ಹೇಗಿದ್ದರೂ ಬಿಚ್ಚಿ ಹೊಸ ಬ್ಯೂಟೈಲ್ ಹಾಕಲೇಬೇಕು. ನಮ್ಮ ಗಾಡಿಯಲ್ಲಿ ಬಿಚ್ಚಿದ ತಿರುಪುಗಳಲ್ಲಿ ಅರ್ಧದಷ್ಟರ ಸೊಂಟ ಸವೆದು ಸೂಜಿಯಷ್ಟಾಗಿತ್ತು, ತಲೆ ಮಾತ್ರ ಮೇಲೆ ಹೊಳೆಯುತ್ತಿತ್ತು. ಒಂದೆರಡು ತಿರುಗಿಸುವಾಗಲೇ ಮುರಿದವು.

ಕೆಲಸದ ಕ್ರಮ ಹೀಗಿತ್ತು. ಒಂದು ಪಕ್ಕದ ಪಟ್ಟಿ ಬಿಚ್ಚಿ, ಕಲ್ಲಾಗಿದ್ದ ಹಳೆಯ ಮೆತ್ತೆಯನ್ನು ಕೆರೆದೆ. ಒಳಗಿನ ಮರ ಒಂದು ಗೇಣು ಕೊಳೆತಿತ್ತು, ಅಷ್ಟನ್ನು ಕತ್ತರಿಸಿ ಹೊಸ ತುಂಡು ಕೂರಿಸಿದೆ. ಬ್ಯೂಟೈಲ್ ಹಾಕಿ ಪಟ್ಟಿಯನ್ನು ಮರಳಿ ಇಟ್ಟು, ಅಡ್ಡಕೊಳವೆ ಬರುವ ಜಾಗಗಳಲ್ಲಿ 'ಎಲ್' ಆಕಾರದ ಅಲ್ಯೂಮಿನಿಯಂ ಕಾಲುಗಳನ್ನು ಹಳೆಯ ತಿರುಪಿನ ತೂತುಗಳಿಗೇ ಉದ್ದದ ಸ್ಟೇನ್‌ಲೆಸ್ ತಿರುಪಿನಿಂದ ಬಿಗಿದೆ. ಇನ್ನೊಂದು ಪಕ್ಕವೂ ಹಾಗೆಯೇ. ಮೇಲೆ ಒಂದೂವರೆ ಇಂಚಿನ ಚೌಕ ಅಲ್ಯೂಮಿನಿಯಂ ಕೊಳವೆ ಮೂರು, ಗೋಡೆಯಿಂದ ಗೋಡೆಗೆ. ಕೊಳವೆ ಕುಲುಕಾಟಕ್ಕೆ ಬಾಗಿದರೆ ತಗಡಿಗೆ ಬಡಿಯದಂತೆ ನಡುವೆ ರಬ್ಬರ್ ಮೆತ್ತೆ. ಪ್ಯಾನೆಲ್ಲುಗಳನ್ನು ಕೊಳವೆಗೆ ನೈಲಾನ್ ಬಳೆಯ ನಟ್ಟಿನಿಂದ ಬಿಗಿದದ್ದರಿಂದ ನಡುಕಕ್ಕೆ ಸಡಿಲವಾಗುವುದಿಲ್ಲ. ಚಾವಣಿಯಲ್ಲಿ ಹೊಸ ತೂತು ಒಂದೂ ಇಲ್ಲ. ನಾಳೆ ಯಾರಾದರೂ ಗಾಡಿಯನ್ನು ಮೂಲರೂಪಕ್ಕೆ ತರಬೇಕೆಂದರೆ ಒಂದು ಮಧ್ಯಾಹ್ನ ಸಾಕು.

ಎರಡು ಪ್ಯಾನೆಲ್, ಕೊಳವೆ ಎಲ್ಲ ಸೇರಿ 20 ಕಿಲೋಗೆ ಸ್ವಲ್ಪ ಹೆಚ್ಚಾಯಿತು. ಅದನ್ನು ಚಕ್ರದ ಅಚ್ಚಿನಿಂದ ತುಸು ಮುಂದಕ್ಕೆ ಇಟ್ಟಿದ್ದೇನೆ. ಹಿಂದಕ್ಕೆ ಹೋದರೆ ಪಿಕಪ್ಪಿಗೆ ಸೇರಿಸುವ ಕೊಂಡಿಯ ಮೇಲಿನ ಭಾರ ಇಳಿದು ಗಾಡಿ ಬಾಲ ಅಲ್ಲಾಡಿಸುತ್ತದೆ. ಒಟ್ಟು ತೂಕದ ಶೇಕಡಾ 10ರಿಂದ 15 ಕೊಂಡಿಯ ಮೇಲಿರಬೇಕೆಂಬುದು ಇಲ್ಲಿಯ ರೂಢಿಯ ನಿಯಮ.

ಓರೆಯಾಗಿ ಎತ್ತುವ ಕಾಲು ಬೇಕೇ?

ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್ಸ್‌ಸೈಟ್‌ಗೆ ಸಾವಿರಾರು ಟ್ರೈಲರ್‌ಗಳು ಬಂದು ಬೀಡುಬಿಡುತ್ತವೆ. ಡಿಸೆಂಬರ್ ಕೊನೆಯ ಮಧ್ಯಾಹ್ನ ಅಲ್ಲಿ ಸೂರ್ಯ ಏರುವುದು ಕೇವಲ 33 ಡಿಗ್ರಿ. ಆ ಹೊತ್ತಿಗೆ ಮಲಗಿಸಿದ ಪ್ಯಾನೆಲ್ಲಿಗೆ ಸಿಗುವ ನೇರ ಬಿಸಿಲು, ಸೂರ್ಯನಿಗೆ ಎದುರಾಗಿ ನಿಲ್ಲಿಸಿದ್ದಕ್ಕೆ ಸಿಗುವುದರ ಶೇಕಡಾ 54 ಮಾತ್ರ. ಜೂನ್‌ನಲ್ಲಿ ಇದೇ ಲೆಕ್ಕ 98. ಆದ್ದರಿಂದ ಚಳಿಗಾಲ ಮರುಭೂಮಿಯಲ್ಲಿ ವಾರಗಟ್ಟಲೆ ಕೂರುವವರಿಗೆ ಓರೆಕಾಲು ಲಾಭ. ಬೇಸಿಗೆ ರಜೆಯವರಿಗೆ ಅದು ಬರೀ ಏಣಿ ಹತ್ತುವ ಕೆಲಸ, ಇಳಿಸಲು ಮರೆತು ಹೊರಟರೆ ಅಪಾಯ ಬೇರೆ. ಸರ್ಕಾರಿ ಮರುಭೂಮಿಯ ಜಾಗಗಳಲ್ಲಿ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ಇರುವಂತಿಲ್ಲ. ಅಷ್ಟು ದಿನಕ್ಕೆ ನೆಲದ ಪ್ಯಾನೆಲ್ ಒಂದನ್ನು ಹೆಚ್ಚಿಗೆ ಒಯ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ತಂತಿ ಇಳಿಸುವ ದಾರಿ

ತಂತಿಗೂ ತೂತು ಬೇಕಲ್ಲ? ಗ್ಯಾಸ್ ಫ್ರಿಜ್ ಇದ್ದರೆ ಅದರ ಹೊಗೆಗೂಡಿನ ಮುಚ್ಚಳದೊಳಗಿಂದ ಇಳಿಸಬಹುದು, ಬಿಸಿ ಕೊಳವೆಯಿಂದ ದೂರ ಕಟ್ಟಿ. ನಮ್ಮ ಗಾಡಿಯಲ್ಲಿದ್ದದ್ದು ಮಂಜುಗಡ್ಡೆಯ ಪೆಟ್ಟಿಗೆ, ಹೊಗೆಗೂಡೇ ಇಲ್ಲ. ಹಾಗಾಗಿ ಹಿಂದಿನ ಗೋಡೆಯಲ್ಲಿ, ಅಂಚಿನ ಪಟ್ಟಿಯ ಕೆಳಗೆ ಒಂದು ತೂತು ಹೊಡೆದೆ. ಮೊದಲ ದಿನ ಕೆಳಗಿಳಿಸಿದ ಡ್ರಿಲ್ ಮತ್ತೆ ಏರಿದ್ದು ಇದಕ್ಕೆ. ಗೋಡೆಯ ತೂತಿನಿಂದ ನೀರು ಜಾರಿ ಹೋಗುತ್ತದೆ, ಚಾವಣಿಯ ತೂತಿನ ಮೇಲೆ ನೀರು ನಿಲ್ಲುತ್ತದೆ. ತಂತಿ ಒಳಹೋಗುವ ಮೊದಲು ಕೆಳಕ್ಕೊಂದು ಜೋಲು ಬಿಟ್ಟರೆ ಹನಿ ಅಲ್ಲಿಯೇ ಉದುರುತ್ತದೆ.

ಉಳಿದದ್ದು ಎಲ್ಲ ಟ್ರೈಲರ್‌ಗಳಿಗೂ ಒಂದೇ. ಪ್ಯಾನೆಲ್ಲಿನ ವಿದ್ಯುತ್ತನ್ನು ಬ್ಯಾಟರಿಗೆ ತಕ್ಕಂತೆ ಹೊಂದಿಸುವ ಎಂಪಿಪಿಟಿ ಕಂಟ್ರೋಲರ್ ಬ್ಯಾಟರಿಯ ಹತ್ತಿರವಿರಲಿ, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಲಿ. ತಂತಿ ಸೇರಿಸುವಾಗ ಪ್ಯಾನೆಲ್ ಮೇಲೆ ಕಂಬಳಿ ಹೊದಿಸಿ, ಬೆಳಕು ಬಿದ್ದರೆ ಅದು ಸದಾ ಜೀವಂತ. ಲಿಥಿಯಂ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಹೊರಗಿನ ಕರೆಂಟಿನಿಂದ ಬ್ಯಾಟರಿ ತುಂಬುವ, ಗಾಡಿಯ ಜೊತೆ ಬಂದ ಹಳೆಯ ಕನ್ವರ್ಟರನ್ನು ಅದಕ್ಕೆ ಜೋಡಿಸಬೇಡಿ.

ಹೊರಡುವ ದಿನ

ಪ್ರತಿ ನಟ್ ಬಿಗಿದ ಮೇಲೆ ನಟ್ಟಿನಿಂದ ಕೊಳವೆಯವರೆಗೆ ಬಣ್ಣದ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಮೊದಲ 50 ಮೈಲಿಗೆ ನಿಲ್ಲಿಸಿ ಏಣಿ ಹಾಕಿ ನೋಡಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ. ಅಲ್ಲಿಂದ ಮುಂದೆ ಪ್ರತಿ ಪ್ರವಾಸಕ್ಕೆ ಮುನ್ನ ಒಂದು ಸಲ ಸಾಕು.

ಸೋರುವ ಪರೀಕ್ಷೆಗೆ ಮಳೆ ಬರಬೇಕು, ಇಲ್ಲವೇ ತೋಟದ ನೀರಿನ ಪೈಪ್ ಹಿಡಿದು ಅರ್ಧ ಗಂಟೆ ಸುರಿಯಬೇಕು. ನಾನು ಪೈಪ್ ಹಿಡಿದೆ, ಒಳಗೆ ಟಾರ್ಚ್ ಹಿಡಿದು ಮಲಗಿದ್ದ ಹೆಂಡತಿ ಏನೂ ಇಲ್ಲವೆಂದಳು. ಆದರೂ ನಿಜವಾದ ಮೊದಲ ಮಳೆಯ ರಾತ್ರಿ ಮಂಚದ ಮೂಲೆಯಲ್ಲಿ ಒಂದು ಸ್ಟೀಲ್ ಬೋಗುಣಿ ಇಟ್ಟುಕೊಂಡೇ ಮಲಗಿದಳು. ಬೆಳಿಗ್ಗೆ ಅದರಲ್ಲಿಯೇ ಅವಲಕ್ಕಿ ನೆನೆಸಿದೆವು.